ಖಾಲಿ ಕೊಳದ ತೂಕ

ಜನವರಿ 11

ಭಾವ,

ಒಂದು ವರ್ಷ ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಮಾಡಿದರೆ ಮೂರನೆಯ ಮಾತಿಗೇ ಇಬ್ಬರ ದನಿಯೂ ಏರುತ್ತದೆ, ಪಕ್ಕದ ಕೋಣೆಯಲ್ಲಿ ಮಲಗಿರುವ ನಿನ್ನ ತಂಗಿಗೆ ಎಲ್ಲ ಕೇಳಿಸುತ್ತದೆ. ಕಾಗದದ ಮೇಲೆ ಕೂಗಾಡಲು ಬರುವುದಿಲ್ಲ.

ನನಗೊಂದು ನಕ್ಷೆ ಬೇಕು. ಹಿತ್ತಲಿನಲ್ಲಿ ಈಜುಕೊಳ ಕಟ್ಟಬೇಕೆಂದಿದ್ದೇನೆ. ಇಪ್ಪತ್ತಾರು ವರ್ಷ ನೀನು ಗೆರೆ ಎಳೆದೆ, ನಾನು ಕಟ್ಟಿದೆ. ಎಷ್ಟೋ ಮನೆಗಳ ಹಿಂದೆ ನಮ್ಮ ಕೊಳಗಳಿವೆ. ನಮ್ಮಿಬ್ಬರಿಗೂ ಈಜು ಬರುವುದಿಲ್ಲ ಎಂಬುದನ್ನು ಮಾತ್ರ ಯಾವ ಮನೆಯವರಿಗೂ ಹೇಳಲಿಲ್ಲ.

ಇದು ಈಜುವುದಕ್ಕಲ್ಲ. ಲಕ್ವ ಹೊಡೆದು ಎರಡು ವರ್ಷವಾಯಿತಲ್ಲ, ಈಗ ಅವಳ ಬಲಗಾಲಿನ ನರ ಎಳೆದುಕೊಳ್ಳುತ್ತಿದೆ. ಮೊಣಕಾಲು ಮಡಚಿದರೆ ಬಿಡಿಸಲು ಅರ್ಧ ಗಂಟೆ ಬೇಕು. ವಾರಕ್ಕೊಮ್ಮೆ ಬರುವ ವ್ಯಾಯಾಮದ ಡಾಕ್ಟರಮ್ಮ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: "ನೆಲದ ಮೇಲೆ ಆ ಕಾಲು ಭಾರ ಹೊರಲ್ಲ. ಎದೆಮಟ್ಟ ನೀರಲ್ಲಿ ದಿನಾ ಒಂದು ಗಂಟೆ ನಿಲ್ಲಿಸಿ. ಈ ವರ್ಷ ಬಿಟ್ಟರೆ ಮೊಣಕಾಲು ಹಾಗೇ ಕಟ್ಟಿಕೊಂಡುಬಿಡುತ್ತೆ. ಆಮೇಲೆ ಮನೇಲಿ ನೋಡಿಕೊಳ್ಳೋದು ನಿಮ್ಮ ಕೈಲಿ ಆಗಲ್ಲ." ಕೊನೆಯ ಮಾತನ್ನು ಅವರು ಮೆಲ್ಲಗೆ ಹೇಳಿದರು. ನೀನು ಅದನ್ನೇ ಗಟ್ಟಿಯಾಗಿ ಹೇಳಿದ್ದೆ.

ಸಾರ್ವಜನಿಕ ಕೊಳಕ್ಕೆ ಎರಡು ಸಲ ಕರೆದುಕೊಂಡು ಹೋದೆ. ಅಲ್ಲಿರುವುದು ಕಬ್ಬಿಣದ ಏಣಿ. ಅವಳನ್ನು ಮೂಟೆಯಂತೆ ಇಳಿಸುವುದನ್ನು ಇಡೀ ಕೊಳ ನಿಂತು ನೋಡಿತು. ಮನೆಗೆ ಬಂದ ಮೇಲೆ, "ಇನ್ನೊಂದು ಸಲ ಅಲ್ಲಿಗೆ ಅಂದರೆ ನಾನು ಬಾಯಿ ಮಾಡ್ತೀನಿ ನೋಡಿ," ಎಂದಳು. ಅವಳ ಬಾಯಿ ನಿನಗೆ ಗೊತ್ತು. ಅದಕ್ಕೊಂದಕ್ಕೆ ಲಕ್ವ ತಾಗಿಲ್ಲ.

ಆಸ್ಪತ್ರೆಯ ಹಿಂದಿನ ಆರೈಕೆ ಮನೆಗೆ ಸೇರಿಸು ಎಂದು ಅವತ್ತು ನೀನು ಅಂದೆ. ನಾನು ಬಾಗಿಲು ತೋರಿಸಿದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ನಕ್ಷೆಯನ್ನು ಬೇರೆಯವರ ಕೈಯಲ್ಲಿ ಬರೆಸಲಾರೆ.

ಒಂದು ಕಾಲದಲ್ಲಿ ನಿನ್ನ ಜೊತೆಗಿದ್ದ,
ಮೇಸ್ತ್ರಿ

ಜನವರಿ 24

ನಿಮ್ಮ ಪತ್ರ ತಲುಪಿತು.

ಗೆರೆ ಎಳೆಯುವ ಮೊದಲು ನನಗೆ ಇಷ್ಟು ತಿಳಿಯಬೇಕು. ಹಿತ್ತಲಿನ ಅಳತೆ, ಯಾವ ಕಡೆಗೆ ಇಳಿಜಾರು. ಮರಗಳಿದ್ದರೆ ಎಲ್ಲಿ. ಮಧ್ಯಾಹ್ನದ ಬಿಸಿಲು ಎಷ್ಟು ಹೊತ್ತು. ಎಂಟು ಅಡಿಯ ಒಂದು ಗುಂಡಿ ತೋಡಿ ಮೂರು ದಿನ ಹಾಗೇ ಬಿಡಿ. ಮಣ್ಣು ಯಾವ ಬಗೆಯದು, ನೀರು ಒಸರಿದರೆ ಎಷ್ಟು ಆಳದಲ್ಲಿ, ಬರೆಯಿರಿ.

ಇನ್ನೊಂದು. ಅವಳನ್ನು ನೀರಿಗೆ ಇಳಿಸುವವರು ಯಾರು, ಮೇಲಕ್ಕೆ ತರುವವರು ಯಾರು? ಇದಕ್ಕೆ ಉತ್ತರವಿಲ್ಲದೆ ನಕ್ಷೆ ಆಗುವುದಿಲ್ಲ.

ಇಂತಿ,
ಅವಳ ಅಣ್ಣ

ಫೆಬ್ರವರಿ 5

ಭಾವ,

ನಿನ್ನ ಪತ್ರವನ್ನು ನಿನ್ನ ತಂಗಿಗೆ ಓದಿ ಹೇಳಿದೆ. ಬಹಳ ಹೊತ್ತು ನಕ್ಕಳು. "ಅಣ್ಣ ನಿಮಗೆ ನೀವು ಅಂತ ಬರೆದಿದ್ದಾನಾ? ಕೋರ್ಟಿಂದ ನೋಟೀಸು ಬಂದ ಹಾಗಿದೆ. ಜೋಪಾನವಾಗಿ ಎತ್ತಿಡಿ," ಎಂದಳು.

ಹಿತ್ತಲು ನಲವತ್ತು ಅಡಿ ಉದ್ದ, ಇಪ್ಪತ್ತೆರಡು ಅಗಲ. ಮನೆಯಿಂದ ಹಿಂಗೋಡೆಯ ಕಡೆಗೆ ಒಂದು ಗೇಣು ಇಳಿಜಾರು. ಮೂಲೆಯಲ್ಲಿ ಒಂದೇ ಮರ; ಅದನ್ನು ಮುಟ್ಟಲು ಅವಳು ಬಿಡುವುದಿಲ್ಲ. ಬಿಸಿಲು ಹನ್ನೊಂದರಿಂದ ಮೂರರವರೆಗೆ.

ಗುಂಡಿಯನ್ನು ನಾನೇ ತೋಡಿದೆ. ನಾಲ್ಕು ಅಡಿ ಕೆಂಪು ಮಣ್ಣು, ಆಮೇಲೆ ಬರೀ ಜೇಡಿ. ಆರೂವರೆ ಅಡಿಗೆ ತೇವ ಕಂಡಿತು, ಮೂರನೆಯ ದಿನ ತಳದಲ್ಲಿ ಗೇಣುದ್ದ ನೀರು ನಿಂತಿತ್ತು. ಮಳೆಗಾಲದಲ್ಲಿ ಎರಡು ಅಡಿಗೇ ಬರುತ್ತದೆಂದು ಪಕ್ಕದ ಮನೆಯ ಬಾವಿ ನೋಡಿದರೆ ತಿಳಿಯುತ್ತದೆ. ಹಾಗಾಗಿ ತಳವನ್ನು ಒಂದು ಅಡಿ ದಪ್ಪ ಹಾಕಿಬಿಡೋಣ ಎಂದು ನನ್ನ ಯೋಚನೆ.

ತೋಡುವಾಗ ಅವಳು ಕಿಟಕಿಯಿಂದ ನೋಡುತ್ತಿದ್ದಳು. "ಯಾರನ್ನ ಹೂಳೋಕೆ?" ಎಂದು ಕೇಳಿದಳು. ನಾನು ಸಲಿಕೆ ಊರಿಕೊಂಡು ನಿಂತಿದ್ದೆ. "ಆರಡಿ ಆಯ್ತಲ್ಲ, ಸಾಕು ಮಾಡಿ. ನಿಮ್ಮ ಉದ್ದಕ್ಕೆ ಸರಿಹೋಗುತ್ತೆ," ಎಂದಳು.

ನಿನ್ನ ಕೊನೆಯ ಪ್ರಶ್ನೆ. ಇಳಿಸುವವನು ನಾನು, ಮೇಲಕ್ಕೆ ತರುವವನೂ ನಾನು. ಇನ್ನು ಯಾರಿದ್ದಾರೆ?

ನಿನ್ನ ಉತ್ತರ ಕಾಯುತ್ತಿರುವ,
ಮೇಸ್ತ್ರಿ

ಫೆಬ್ರವರಿ 22

ಭಾವ,

ಮೂರು ಹಾಳೆ ನಕ್ಷೆ ಇದರೊಂದಿಗಿದೆ.

ಉದ್ದ ಇಪ್ಪತ್ತಾರು ಅಡಿ, ಅಗಲ ಒಂಬತ್ತು. ಅದರಲ್ಲಿ ಹನ್ನೆರಡು ಅಡಿ ಮೆಟ್ಟಿಲಿಗೇ ಹೋಗುತ್ತದೆ. ಕುರ್ಚಿ ತಳ್ಳಿಕೊಂಡು ಇಳಿಯುವಂಥ ಜಾರು ಹಾದಿಗೆ ನಿನ್ನ ಹಿತ್ತಲಿನಲ್ಲಿ ಜಾಗವಿಲ್ಲ. ಐದು ಇಂಚಿನ ಗಿಡ್ಡ ಮೆಟ್ಟಿಲು ಒಂಬತ್ತು ಹಾಕಿದ್ದೇನೆ, ಎರಡು ಕಡೆಗೂ ಹಿಡಿಕೆ. ಮೂರನೆಯ ಮೆಟ್ಟಿಲು ಮಾತ್ರ ಅಗಲ, ಕುಳಿತು ಸುಧಾರಿಸಿಕೊಳ್ಳಲು. ಅವಳಿಗೆ ಎಂದು ಹಾಳೆಯಲ್ಲಿ ಬರೆದಿದ್ದೇನೆ. ನಿನಗೂ ಆಗುತ್ತದೆ. ಮೆಟ್ಟಿಲು ಮುಗಿದ ಮೇಲೆ ಎಲ್ಲ ಕಡೆ ಆಳ ನಾಲ್ಕೇ ಅಡಿ.

ತಳಕ್ಕೆ ಎಂಟು ಇಂಚು ಸಾಕು. ಒಂದಡಿ ಹಾಕಿದರೂ ನಿನ್ನ ನೆಲದಲ್ಲಿ ವ್ಯತ್ಯಾಸವಾಗುವುದಿಲ್ಲ. ನಿನಗೆ ಹೇಳಬೇಕಾದ ಮಾತಲ್ಲ ಇದು: ಮಳೆಗಾಲದಲ್ಲಿ ನೆಲದೊಳಗಿನ ನೀರು ಇಡೀ ತೊಟ್ಟಿಯನ್ನು ದೋಣಿಯಂತೆ ಮೇಲಕ್ಕೆ ಎತ್ತಲು ನೋಡುತ್ತದೆ. ಅದನ್ನು ಕೆಳಗೆ ಹಿಡಿದಿಡುವುದು ಕಾಂಕ್ರೀಟಲ್ಲ, ತೊಟ್ಟಿಯೊಳಗಿನ ನೀರಿನ ತೂಕ. ತಳದಡಿಗೆ ಜಲ್ಲಿ ಹಾಸು. ಅತ್ಯಂತ ತಗ್ಗಿನಲ್ಲಿ ವಾಲ್ವು ಕೂರಿಸು, ಕೆಳಗಿನ ಒತ್ತಡ ಹೆಚ್ಚಾದರೆ ಅದು ತೆರೆದುಕೊಂಡು ನೆಲದ ನೀರನ್ನು ಒಳಗೆ ಬಿಡುತ್ತದೆ. ಆದರೆ ಜೇಡಿಯಲ್ಲಿ ಅದನ್ನು ನಂಬಬೇಡ. ಒಮ್ಮೆ ತುಂಬಿದ ಕೊಳವನ್ನು ಮಳೆಗಾಲ ಕಳೆಯುವವರೆಗೆ ಖಾಲಿ ಮಾಡುವಂತಿಲ್ಲ.

ಇನ್ನು ಅವತ್ತಿನ ವಿಷಯ. ನಾನು ಬಂದಾಗ ನಿಮ್ಮ ಬಾಗಿಲು ಅರ್ಧ ತೆರೆದಿತ್ತು. ನೀನು ಅವಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುತ್ತಿದ್ದೆ. ನಡುವೆ ನಿನ್ನ ಸೊಂಟ ಹಿಡಿಯಿತು. ನೀನು ಅವಳನ್ನು ಬಿಡಲಿಲ್ಲ. ಅವಳನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದೆ. ನಾನು ಹತ್ತು ನಿಮಿಷ ಬೀದಿಯಲ್ಲಿ ನಿಂತು ಆಮೇಲೆ ಗಂಟೆ ಒತ್ತಿದೆ. ಒಳಗೆ ಬಂದರೆ ಇಬ್ಬರೂ ಕುರ್ಚಿಗಳಲ್ಲಿ ಕುಳಿತಿದ್ದಿರಿ, ಏನೂ ಆಗದವರ ಹಾಗೆ. ನಾನು ಆರೈಕೆ ಮನೆಯ ಮಾತೆತ್ತಿದ್ದು ಅದಕ್ಕೆ. ಅವಳ ಸಲುವಾಗಿ ಅಲ್ಲ.

ಅವಳ ಅಣ್ಣ

ಮಾರ್ಚ್ 29

ಭಾವ,

ನಕ್ಷೆಯನ್ನು ನಿನ್ನ ತಂಗಿಗೆ ತೋರಿಸಿದೆ. ಪತ್ರ ತೋರಿಸಲಿಲ್ಲ.

ಅಗೆಯುವ ಯಂತ್ರ ನಮ್ಮ ಮನೆ ಪಕ್ಕದ ಓಣಿಯಲ್ಲಿ ನುಗ್ಗಲಿಲ್ಲ. ಓಣಿ ಮೂರೇ ಅಡಿ. ಮೂವರು ಆಳುಗಳು ಹದಿನಾರು ದಿನ ಸಲಿಕೆ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಕಂಬಿ ಕಟ್ಟಲು ನಮ್ಮ ಹಳೆಯ ಆಳು, ನಾವು ಇಕ್ಕಳ ಎಂದು ಕರೆಯುತ್ತಿದ್ದವನೇ ಬಂದ. ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತಂತೆ, ವಿಷಯ ಕೇಳಿ ಬಂದ. ಗೇಣಿಗೊಂದು ಕಂಬಿ, ಉದ್ದಕ್ಕೂ ಅಡ್ಡಕ್ಕೂ, ಅವು ಕೂಡುವ ಕಡೆಯಲ್ಲೆಲ್ಲ ತಂತಿಯ ಗಂಟು. "ಅಮ್ಮಾ, ಈ ಪಂಜರದಿಂದ ಗುಬ್ಬಿನೂ ತಪ್ಪಿಸಿಕೊಳ್ಳಲ್ಲ," ಎಂದು ಕಿಟಕಿಯ ಕಡೆಗೆ ಕೂಗಿದ. "ನನ್ನ ಕಾಲಿಗೂ ನಾಲ್ಕು ಗಂಟು ಹಾಕಿ ಹೋಗಪ್ಪ, ನೆಟ್ಟಗೆ ನಿಲ್ಲುತ್ತೆ," ಎಂದು ಇವಳು. ಅವನು ಮುಂದಿನ ಗಂಟಿಗೆ ತಂತಿ ಸುತ್ತತೊಡಗಿದ.

ಕಾಂಕ್ರೀಟು ಮೊನ್ನೆ ಹಾಕಿದೆವು. ಬೀದಿಯಲ್ಲಿ ಲಾರಿ, ಓಣಿಯುದ್ದಕ್ಕೂ ಪೈಪು. ತಳವನ್ನೂ ಗೋಡೆಯನ್ನೂ ಒಂದೇ ಉಸಿರಿಗೆ ಮುಗಿಸಿದೆವು. ಬೆಳಿಗ್ಗೆ ಆರಕ್ಕೆ ಹಿಡಿದವರು ನಾಲ್ಕಕ್ಕೆ ಕೈ ತೊಳೆದೆವು. ನಡುವೆ ನಿಲ್ಲಿಸಿದ್ದರೆ ನಿಲ್ಲಿಸಿದ ಗೆರೆಯಲ್ಲೇ ಸೋರುತ್ತಿತ್ತು.

ಆದರೆ ಭಾವ, ಕಾಲು ಕಾಯುತ್ತಿಲ್ಲ. ಹೋದ ತಿಂಗಳು ಮೊಣಕಾಲಿನ ಕೆಳಗೆ ಒಂದು ಪುಸ್ತಕ ತೂರುವಷ್ಟು ಸಂದಿತ್ತು. ಈಗ ನನ್ನ ಮುಷ್ಟಿ ಹಿಡಿಯುತ್ತದೆ. ನಿದ್ದೆಯಲ್ಲಿ ಕಾಲು ಎಳೆದಾಗ ಅವಳು ಕೂಗುವುದಿಲ್ಲ, ಹೊದಿಕೆಯನ್ನು ಕಚ್ಚುತ್ತಾಳೆ. ಕಾಂಕ್ರೀಟನ್ನು ಇಪ್ಪತ್ತೆಂಟು ದಿನ ನೆನೆಸಬೇಕೆಂದು ನೀನು ನಕ್ಷೆಯ ಹಾಳೆಯಲ್ಲಿ ಬರೆದಿದ್ದೀಯ. ಹದಿನಾಲ್ಕಕ್ಕೆ ನಿಲ್ಲಿಸಿ ಟೈಲ್ಸು ಶುರು ಮಾಡಲೇ? ಆಗುತ್ತದೆ ಎಂದು ಒಂದು ಸಾಲು ಬರೆ.

ನನ್ನ ಸೊಂಟ ಚೆನ್ನಾಗಿದೆ.

ಅವಸರದಲ್ಲಿ,
ಮೇಸ್ತ್ರಿ

ಏಪ್ರಿಲ್ 6

ಭಾವ,

ಆಗುವುದಿಲ್ಲ. ಇಪ್ಪತ್ತೆಂಟು ದಿನ ಒದ್ದೆ ಗೋಣಿ ಹೊದಿಸಿಡು. ಕಾಂಕ್ರೀಟಿಗೆ ನಮ್ಮ ಮನೆಯ ವಿಷಯ ತಿಳಿಯುವುದಿಲ್ಲ.

ಮೆಟ್ಟಿಲಿಗೆ ಒರಟು ಟೈಲ್ಸು, ಗೋಡೆಗೆ ನುಣುಪು. ಹಿಡಿಕೆಯ ಕೊನೆಗಳು ಗೋಡೆಯ ಕಡೆಗೆ ಬಾಗಿರಲಿ, ಅವಳ ತೋಳು ಸಿಕ್ಕಿಕೊಳ್ಳಬಾರದು. ನೀರಿಗೆ ಇಳಿಸಿ ಎತ್ತುವ ಕುರ್ಚಿ ಮಾಡಿಕೊಡುವ ಒಂದು ವರ್ಕ್‌ಶಾಪಿನ ವಿಳಾಸ ಇದರಲ್ಲಿದೆ. ಸೊಂಟ ಚೆನ್ನಾಗಿದ್ದರೂ ಹೋಗಿ ನೋಡು.

ಅವಳ ಅಣ್ಣ

ಮೇ 30

ಭಾವ,

ಇವತ್ತು ಅವಳು ನಿಂತಳು.

ಎರಡು ದಿನ ನೀರು ತುಂಬಿಸಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಇಳಿಸಿದೆ. ಡಾಕ್ಟರಮ್ಮ ದಡದಲ್ಲಿದ್ದರು. ಆರನೆಯ ಮೆಟ್ಟಿಲಿನವರೆಗೆ ಅವಳು ನನ್ನ ಕುತ್ತಿಗೆ ಬಿಡಲಿಲ್ಲ. ಏಳನೆಯದರಲ್ಲಿ ನೀರು ಸೊಂಟಕ್ಕೆ ಬಂತು, ಆಮೇಲೆ ನನ್ನ ತೋಳಿನಲ್ಲಿ ಏನೂ ಇಲ್ಲ. ಅವಳಿಗೆ ತೂಕವೇ ಇಲ್ಲ ಭಾವ. ಬೆನ್ನಿಗೆ ಒಂದು ಅಂಗೈ ಕೊಟ್ಟರೆ ಸಾಕು. "ಮದುವೆ ದಿನಾನೂ ನಾನು ಇಷ್ಟು ಹಗುರ ಇರಲಿಲ್ಲ, ಅಲ್ವಾ?" ಎಂದಳು. ಇರಲಿಲ್ಲ ಎಂದೆ. "ಒಪ್ಪಿಕೊಂಡುಬಿಟ್ಟರು ನೋಡಿ ಡಾಕ್ಟರಮ್ಮ," ಎಂದಳು.

ಹಿಡಿಕೆ ಹಿಡಿದು ಒಂಬತ್ತು ನಿಮಿಷ ನಿಂತಳು. ಎರಡು ವರ್ಷದಿಂದ ಅವಳು ಹಾಸಿಗೆಯಿಂದ ಮೇಲಕ್ಕೆ ನೋಡುತ್ತಿದ್ದಾಳೆ, ನಾನು ಕೆಳಕ್ಕೆ. ಇವತ್ತು ಎದುರುಬದುರು ನಿಂತಾಗ ಎಲ್ಲಿ ನೋಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಕುರ್ಚಿಯ ವರ್ಕ್‌ಶಾಪಿಗೆ ಹೋಗಿದ್ದೆ. ಮೂರು ತಿಂಗಳು ಬೇಕಂತೆ. ಮಾಡಲು ಹೇಳಿದ್ದೇನೆ. ಅಲ್ಲಿಯವರೆಗೆ ನಾನಿದ್ದೇನೆ.

ಮೇಲಕ್ಕೆ ತರುವುದೂ ಆಯಿತು.

ಒಮ್ಮೆ ಬಂದು ನೋಡು ಎಂದು ಬರೆದು ಹೊಡೆದುಹಾಕಿದ್ದೆ. ಮತ್ತೆ ಬರೆಯುತ್ತಿದ್ದೇನೆ.

ನಿನ್ನ,
ಮೇಸ್ತ್ರಿ

ಜುಲೈ 3

ಭಾವ,

ಕೊಳ ಎದ್ದಿದೆ.

ಮೊದಲಿಂದ ಹೇಳುತ್ತೇನೆ. ಇಪ್ಪತ್ತನಾಲ್ಕು ದಿನ ಅವಳು ನೀರಿನಲ್ಲಿ ನಿಂತಳು. ನಲವತ್ತು ನಿಮಿಷದವರೆಗೂ ಹೋಯಿತು. ಮೊಣಕಾಲು ಎರಡು ಬೆರಳಿನಷ್ಟು ಬಿಟ್ಟುಕೊಂಡಿದೆ ಎಂದು ಡಾಕ್ಟರಮ್ಮ ಅಳೆದು ಹೇಳಿದರು. ಮಳೆ ಹಿಡಿದಿತ್ತು, ಬಿಡುವು ನೋಡಿ ಇಳಿಯುತ್ತಿದ್ದೆವು. ಹೋದ ಮಂಗಳವಾರ ಮೇಲೆ ಬರುವುದು ಸ್ವಲ್ಪ ತಡವಾಯಿತು. ಆ ಸಂಜೆ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಹೇಳಿದಳು: "ಇವತ್ತು ನನ್ನಿಂದ ನೀರು ಕೆಟ್ಟಿತು. ಹಿಡಿದುಕೊಳ್ಳೋಕೆ ಆಗಲಿಲ್ಲ. ಆ ನೀರಿಗೆ ನಾನು ಇನ್ನು ಇಳಿಯಲ್ಲ."

ನನಗೇನೂ ಕಂಡಿರಲಿಲ್ಲ. ಔಷಧಿ ಹಾಕಿದ್ದೇನೆ, ಶೋಧಿಸುವ ಯಂತ್ರ ಇಡೀ ದಿನ ಓಡುತ್ತದೆ ಎಂದೆ. "ಆ ಮಾತು ಎತ್ತಬೇಡಿ," ಎಂದಳು. ಎತ್ತಲಿಲ್ಲ. ನಾಲ್ಕು ದಿನ ಅವಳು ಮುಖ ತೋರಿಸಲಿಲ್ಲ. ಬಿಟ್ಟುಕೊಂಡಿದ್ದ ಎರಡು ಬೆರಳಿನಲ್ಲಿ ಒಂದು ಮತ್ತೆ ಬಿಗಿಯಿತು.

ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ ಎಂದು ನಾನು ಎಷ್ಟು ಮನೆಯವರಿಗೆ ಗದರಿಸಿದ್ದೇನೆ, ನಿನಗೆ ಗೊತ್ತು. ಶನಿವಾರ ಎರಡನೆಯ ದಿನವೂ ಬಿಸಿಲು ಬಿತ್ತು. ಬೆಳಿಗ್ಗೆ ಪಂಪು ಇಳಿಸಿದರೆ ಮೂರಕ್ಕೆ ಖಾಲಿ, ತಳ ಉಜ್ಜಿ ಟ್ಯಾಂಕರಿನಿಂದ ಸಂಜೆಯೊಳಗೆ ತುಂಬಿಬಿಡಬಹುದು ಎಂದು ಲೆಕ್ಕ ಹಾಕಿದೆ. ಕಣ್ಣೆದುರಿಗೇ ಹೊಸ ನೀರು ಬಂದರೆ ಅವಳು ಒಪ್ಪುತ್ತಾಳೆ ಎಂದುಕೊಂಡೆ. ಬೇರೆ ಯಾವುದೂ ಆಗ ತಲೆಯಲ್ಲಿರಲಿಲ್ಲ.

ಮೂರೂವರೆಗೆ ಸದ್ದಾಯಿತು. ಮಾಳಿಗೆಯಲ್ಲಿ ಯಾರೋ ಬೀರು ಎಳೆದ ಹಾಗೆ. ನಾನು ಒಳಗೇ ಇದ್ದೆ, ತಳ ಉಜ್ಜುತ್ತಾ. ನನ್ನನ್ನು ಹೊತ್ತುಕೊಂಡೇ ಅದು ಎದ್ದಿತು. ಹಿಂಗೋಡೆಯ ಕಡೆ ಏಳು ಇಂಚು. ಪೈಪುಗಳೆಲ್ಲ ಮುರಿದಿವೆ, ಮೆಟ್ಟಿಲಿಗೆ ಅಡ್ಡವಾಗಿ ಕೈಬೆರಳು ತೂರುವ ಬಿರುಕು. ವಾಲ್ವು ತೆರೆಯಲು ನೋಡಿದೆ, ಜೇಡಿ ಕಟ್ಟಿಕೊಂಡಿತ್ತು.

ಅದನ್ನು ಮತ್ತೆ ಕೂರಿಸುವ ಉಪಾಯ ಹೇಳು. ಮೆಟ್ಟಿಲು ಒಡೆದು ಹೊಸದು ಹಾಕಬಹುದೇ, ಮಳೆ ನಿಲ್ಲುವ ಮುಂಚೆ ಏನಾದರೂ ಮಾಡಬಹುದೇ? ನನ್ನ ಕೈಯಲ್ಲಿ ಏನಾಗುತ್ತದೋ ಎಲ್ಲ ಮಾಡುತ್ತೇನೆ. ಬೈದು ಬರೆದರೂ ಸರಿ, ಬರೆ.

ಮೇಸ್ತ್ರಿ

ಜುಲೈ 7

ಅಣ್ಣ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಾಲ್ಕು ದಿನದಿಂದ. ಡಾಕ್ಟರಮ್ಮ ಅಂಚೆಗೆ ಹಾಕುತ್ತಾರೆ. ಇವರಿಗೆ ತಿಳಿಯುವುದಿಲ್ಲ.

ನಿನ್ನ ಪತ್ರಗಳನ್ನೆಲ್ಲ ಓದಿದ್ದೇನೆ. ಇವರು ಅವನ್ನು ನನ್ನ ಹಾಸಿಗೆಯ ಅಡಿಯಲ್ಲೇ ಬಚ್ಚಿಡುತ್ತಾರೆ, ಏಳಲಾರದವಳು ಹುಡುಕಲಾರಳು ಎಂದು. ನನ್ನ ಎಡಗೈ ಸರಿಯಾಗಿ ಅಲ್ಲಿಗೇ ತಲುಪುತ್ತದೆ.

ನೀರು ಕೆಟ್ಟಿರಲಿಲ್ಲ, ಅಣ್ಣ.

ದಿನವೂ ನನ್ನನ್ನು ಮೇಲೆ ತಂದು ಕುರ್ಚಿಯಲ್ಲಿ ಕೂರಿಸಿ, ಟವೆಲ್ ತರುತ್ತೇನೆ ಎಂದು ಮರದ ಹಿಂದೆ ಹೋಗುತ್ತಿದ್ದರು. ಅಲ್ಲಿ ಗೋಡೆಗೆ ಎರಡು ಕೈ ಊರಿ ಬಗ್ಗಿ ನಿಲ್ಲುತ್ತಿದ್ದರು. ಮೊದಲು ಐದು ನಿಮಿಷ. ಆಮೇಲೆ ಅರ್ಧ ಗಂಟೆ. ಟವೆಲ್ ನನ್ನ ಮಡಿಲಲ್ಲೇ ಇರುತ್ತಿತ್ತು. ಆ ಮಂಗಳವಾರ ಮೂರನೆಯ ಮೆಟ್ಟಿಲಿನಲ್ಲಿ ಅವರ ಕಾಲು ಕುಸಿಯಿತು. ಒಂದು ಗಂಟೆಯಿಂದ ಮೂರರವರೆಗೆ ಇಬ್ಬರೂ ಆ ಮೆಟ್ಟಿಲ ಮೇಲೆ ಕುಳಿತಿದ್ದೆವು. ಮಳೆ ಬಂತು, ನಿಂತಿತು. ಅಷ್ಟು ಹೊತ್ತೂ ಅವರು ಇಕ್ಕಳನ ಕಥೆ ಹೇಳಿ ನನ್ನನ್ನು ನಗಿಸುತ್ತಿದ್ದರು. ಡಾಕ್ಟರಮ್ಮ ಬಂದು ನಮ್ಮಿಬ್ಬರನ್ನೂ ಒಬ್ಬೊಬ್ಬರನ್ನಾಗಿ ಎತ್ತಿದರು.

ಕಾಲು ನೋವು ಎಂದರೆ ಔಷಧಿ ತರುತ್ತಿದ್ದರು. ಬೇಜಾರು ಎಂದರೆ ಪುಸಲಾಯಿಸುತ್ತಿದ್ದರು. ಅವರು ನನ್ನನ್ನು ಎತ್ತುವುದು ನಿಲ್ಲಬೇಕಾದರೆ ವಾದ ಮಾಡಲಾಗದ ಒಂದು ಕಾರಣ ಬೇಕಿತ್ತು. ಹೆಂಡತಿಯ ನಾಚಿಕೆಯ ಎದುರು ವಾದ ಮಾಡುವವರಲ್ಲ ಅವರು. ಕೊಳವನ್ನು ಹಾಗೇ ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಒಂದು ಹನಿ ಬಿಡದೆ ನೀರು ಬದಲಾಯಿಸುತ್ತಾರೆ ಎಂದು ಹೊಳೆಯಲೇ ಇಲ್ಲ. ಮೂವತ್ತೈದು ವರ್ಷ ಜೊತೆಗಿದ್ದೂ ಹೊಳೆಯಲಿಲ್ಲ. ಅದನ್ನು ಒಡೆದವಳು ನಾನು.

ಈಗ ಬೆಳಗಿನಿಂದ ಲೆವೆಲ್ ಪೈಪು ಹಿಡಿದುಕೊಂಡು ಹಿತ್ತಲಿನಲ್ಲಿದ್ದಾರೆ. ಎಷ್ಟು ವಾಲಿದೆ ಎಂದು ಅಳೆಯುತ್ತಾರೆ, ಮತ್ತೆ ಅಳೆಯುತ್ತಾರೆ. ಸುತ್ತಿಗೆ ತಂದಿಟ್ಟುಕೊಂಡಿದ್ದಾರೆ. ಅರವತ್ತೆರಡು ವಯಸ್ಸು.

ನಾನು ಆರೈಕೆ ಮನೆಗೆ ಹೋಗುತ್ತೇನೆ. ಅಲ್ಲಿ ಎತ್ತಲು ಯಾವಾಗಲೂ ಇಬ್ಬರಿರುತ್ತಾರಂತೆ. ಈ ಮಾತನ್ನು ನಾನೇ ಹೇಳಿದರೆ, ಅವರ ಬೆನ್ನನ್ನು ನಾನು ನೋಡಿದ್ದೇನೆ ಎಂದು ಗೊತ್ತಾಗುತ್ತದೆ. ಅದಾದ ಮೇಲೆ ಅವರು ಏಳುವುದಿಲ್ಲ. ನೀನು ಹಿಂದಿನಂತೆ ಹೇಳಿದರೆ ಹಿಂದಿನಂತೆಯೇ ಆಗುತ್ತದೆ. ಇವರು ದಿನವೂ ನಿನ್ನ ನಕ್ಷೆ ಹರಡಿಕೊಂಡು ತಾವು ಎಲ್ಲಿ ತಪ್ಪಿದೆವು ಎಂದು ಹುಡುಕುತ್ತಿದ್ದಾರೆ. ನಕ್ಷೆಯೇ ತಪ್ಪು ಎಂದು ನೀನು ಬರೆ. ಅದು ಸರಿಯಿತ್ತು ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಯ ಗೆರೆಯನ್ನೂ ನೀನು ತಪ್ಪೆಂದು ಒಪ್ಪಿದವನಲ್ಲ. ಆದರೂ ಬರೆ.

ಅವರು ನಂಬುತ್ತಾರೋ ಇಲ್ಲವೋ. ನಂಬಿದ ಹಾಗೆ ಇದ್ದರೆ ಸಾಕು.

ಕೈ ಸೋತಿದೆ.

ತಂಗಿ

ಜುಲೈ 13

ಭಾವ,

ಲೆಕ್ಕವನ್ನು ಮೊದಲಿಂದ ಹಾಕಿ ನೋಡಿದೆ. ತಪ್ಪು ನನ್ನದು. ಆ ನೆಲಕ್ಕೆ ಎಂಟು ಇಂಚಿನ ತಳ ಸಾಲದು. ನೀನು ಒಂದು ಅಡಿ ಎಂದಿದ್ದೆ, ನಾನು ಕೇಳಲಿಲ್ಲ. ಒಂದಡಿ ಇದ್ದಿದ್ದರೆ ಖಾಲಿ ಮಾಡಿದರೂ ಅದು ಕದಲುತ್ತಿರಲಿಲ್ಲ. ಪಂಪು ಇಳಿಸಿದ್ದರಿಂದ ಆದದ್ದಲ್ಲ. ಇವತ್ತಲ್ಲದಿದ್ದರೆ ಮುಂದೆ ಒಂದು ದಿನ ಆಗಿಯೇ ಆಗುತ್ತಿತ್ತು.

ಎದ್ದ ತೊಟ್ಟಿಯನ್ನು ಈಗ ಮುಟ್ಟಬೇಡ. ಸುತ್ತಿಗೆ ಹಿಡಿಯಬೇಡ. ಮಳೆ ಮುಗಿದು ನೆಲ ಒಣಗಿದ ಮೇಲೆ ನೋಡೋಣ. ಅಷ್ಟು ದಿನ ಅವಳ ಕಾಲು ನೀರಿಲ್ಲದೆ ಇರಲಾಗದು. ಆರೈಕೆ ಮನೆಯಲ್ಲಿ ಒಂದು ಬಿಸಿನೀರಿನ ತೊಟ್ಟಿಯಿದೆ. ನಿನ್ನೆ ಹೋಗಿ ಅಳೆದು ಬಂದೆ. ಆಳ ಸರಿಯಿದೆ, ಹಿಡಿಕೆ ಸ್ವಲ್ಪ ಮೇಲಿದೆ, ಇಳಿಸಲು ಹೇಳಿದ್ದೇನೆ. ಕಿಟಕಿಯ ಪಕ್ಕದ ಕೋಣೆ ಕೊಡುತ್ತಾರೆ. ನಿನಗೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಲ್ಲಿರಲು ಅಡ್ಡಿಯಿಲ್ಲ.

ಬರುವ ಗುರುವಾರ ಹತ್ತು ಗಂಟೆಗೆ ಗಾಡಿ ತರುತ್ತೇನೆ. ಕೋಣೆಯಿಂದ ಬೀದಿಯವರೆಗೆ ನಾವಿಬ್ಬರೂ ಸೇರಿ ಎತ್ತೋಣ. ತಲೆಯ ಕಡೆ ನೀನು, ಕಾಲಿನ ಕಡೆ ನಾನು.

ನಿನ್ನ ಭಾವ

ಜುಲೈ 17

ಭಾವ,

ನಿನ್ನ ಲೆಕ್ಕ ನೋಡಿದೆ. ನೀನು ಹೇಳಿದ ಹಾಗೇ ಇದೆ. ಪತ್ರವನ್ನು ನಿನ್ನ ತಂಗಿಗೂ ಓದಿ ಹೇಳಿದೆ. "ಅಣ್ಣ ತಪ್ಪು ಒಪ್ಪಿಕೊಂಡನಾ? ಎಲ್ಲಿ, ಆ ಸಾಲು ಇನ್ನೊಂದು ಸಲ ಓದಿ," ಎಂದಳು. ಮೂರು ಸಲ ಓದಿಸಿದಳು.

ಗುರುವಾರ ಸರಿ. ಅವಳ ಬಲಗಾಲನ್ನು ಹಿಡಿದು ಎಳೆಯಬಾರದು, ಮೊಣಕಾಲಿನ ಕೆಳಗೆ ಕೈ ಕೊಡಬೇಕು. ಪಡಸಾಲೆಯ ತಿರುವಿನಲ್ಲಿ ಮೊದಲು ತಲೆ ಹೋಗಲಿ.

ಎತ್ತಲು ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಬಾ. ನಾನು ಬಾಗಿಲು ಹಿಡಿದುಕೊಂಡಿರುತ್ತೇನೆ.

ಮೇಸ್ತ್ರಿ